ವಿವಾಲ್ಡಿಯ ಮರೆತ ಒಪೆರಾಗಳು ಯಾರಿಗೆ ಬೇಕು?

ತುಂಗಾತೀರ: 1926ರಲ್ಲಿ ಇಟಲಿಯ ಒಂದು ಸಲೇಸಿಯನ್ (ಕ್ರೈಸ್ತ ಪಾದ್ರಿಗಳ ಸಂಘದ) ಶಾಲೆ ದುಡ್ಡಿನ ಅಡಚಣೆಯಿಂದ ತನ್ನ ಹಳೆಯ ಸಂಗೀತದ ಹಸ್ತಪ್ರತಿಗಳನ್ನು ಮಾರಲು ಹೊರಟಿತು. ಅವುಗಳಲ್ಲಿ ಹದಿನೆಂಟನೆಯ ಶತಮಾನದ ಇಟಲಿಯ ಸಂಯೋಜಕ ವಿವಾಲ್ಡಿಯ ಸ್ವಂತ ಕೈಬರಹದ ಸಂಪುಟಗಳಿವೆ ಎಂದು ಗುರುತಿಸಿದವರು ಸಂಗೀತ ಪ್ರಾಧ್ಯಾಪಕ ಅಲ್ಬರ್ಟೊ ಜೆಂಟಿಲಿ. ಟ್ಯೂರಿನ್ ಗ್ರಂಥಾಲಯದ ಬಳಿ ಕೊಳ್ಳಲು ಹಣವಿರಲಿಲ್ಲ. ಫೊಆ ಮತ್ತು ಜೊರ್ದಾನೊ ಎಂಬ ಇಬ್ಬರು ತಂದೆಯರು, ತೀರಿಹೋದ ತಮ್ಮ ಎಳೆಯ ಮಕ್ಕಳ ನೆನಪಿಗಾಗಿ ಕೊಂಡು ಕೊಟ್ಟರು. ಅಲ್ಲಿರುವ ಸುಮಾರು 450 ಕೃತಿಗಳನ್ನು ಫ್ರಾನ್ಸಿನ ನಯೀವ್ ಎಂಬ ಧ್ವನಿಮುದ್ರಣ ಸಂಸ್ಥೆ 2000ದಿಂದ ಧ್ವನಿಮುದ್ರಿಸುತ್ತ ಬಂದಿದೆ. ಈ ವಾರವೆಲ್ಲ ಸ್ಪಿನೋಸಿ ವಾದ್ಯವೃಂದ ನಡೆಸಿದ, ಅವುಗಳಲ್ಲೊಂದಾದ ‘ಗ್ರಿಸೆಲ್ದಾ’ ಒಪೆರಾ (ಹಾಡುಗಳಲ್ಲೇ ನಡೆಯುವ ನಾಟಕ) ಕೇಳಿದೆ. ಪಿಟೀಲಿನ ‘ನಾಲ್ಕು ಋತುಗಳು’ ಮಾತ್ರ ಗೊತ್ತಿರುವವರು ವಿವಾಲ್ಡಿಯನ್ನು ಅರ್ಧವೂ ಕೇಳಿಲ್ಲ.

ಪಿಟೀಲು ಪ್ರಿಯ: ‘ಅರ್ಧವೂ ಕೇಳಿಲ್ಲ’ ಎನ್ನಲು ನೀವು ಯಾರು ಸ್ವಾಮಿ? ವಿವಾಲ್ಡಿ ನೀರಸ, ಒಂದೇ ಅಚ್ಚಿನಲ್ಲಿ ಎರಕ ಹೊಯ್ದವರು ಎಂಬರ್ಥದ ಮಾತನ್ನು ಇಪ್ಪತ್ತನೆಯ ಶತಮಾನದ ದೊಡ್ಡ ಸಂಯೋಜಕ ಸ್ಟ್ರಾವಿನ್‌ಸ್ಕಿಯೇ ಆಡಿದ್ದಾರೆ. ವಿವಾಲ್ಡಿಯ ಕಾಲದವರೇ ಆದ ಅಲ್ಬಿನೋನಿಯ ಅಡಾಜಿಯೊ (ನಿಧಾನ ಗತಿಯ ಕೃತಿ) ಒಂದೇ ಸಾಕು, ಎದೆ ತುಂಬುತ್ತದೆ. 450 ಕೃತಿಗಳ ಪಟ್ಟಿ ಯಾರಿಗೆ ಬೇಕು?

ಹಳೆಯ ತಟ್ಟೆ: ಯಾವ ಅಲ್ಬಿನೋನಿ? ಆ ಅಡಾಜಿಯೊ 1958ರಲ್ಲಿ ಅಚ್ಚಾದದ್ದು, ಬರೆದವರು ರೆಮೊ ಜಾಜೊತ್ತೊ ಎಂಬ ಸಂಗೀತ ವಿದ್ವಾಂಸರು. ಅಲ್ಬಿನೋನಿ ಸತ್ತದ್ದು 1751ರಲ್ಲಿ. ಇಷ್ಟು ತಿಳಿಯದವರು ಸ್ಟ್ರಾವಿನ್‌ಸ್ಕಿಯ ಹೆಸರು ಹೇಳಬಾರದು.

ಪಿಟೀಲು ಪ್ರಿಯ: ‘ಬರೆದವರು’ ಎಂದಿರಿ. ಜರ್ಮನಿಯ ಡ್ರೆಸ್ಡನ್ ಗ್ರಂಥಾಲಯದಿಂದ ಬಂದ, ಅಲ್ಬಿನೋನಿಯ ಒಂದು ತುಣುಕಿನ ಮೇಲೆ ಕಟ್ಟಿದ್ದೆಂದು ಜಾಜೊತ್ತೊ ಅವರೇ ಹೇಳಿದ್ದರು. ಮಂದ್ರದ ಸಾಲು, ಪಿಟೀಲಿನ ಆರು ಅಳತೆಗಳು (ತಾಳದ ಆವರ್ತಗಳಂಥವು). ಬೀಜ ಅಲ್ಬಿನೋನಿಯದು.

ಹಳೆಯ ತಟ್ಟೆ: ಆ ತುಣುಕಿನ ಮೂಲವನ್ನು ಯಾರಿಗೆ ತೋರಿಸಿದರು? ಕೃತಿಯ ಹಕ್ಕು ಮಾತ್ರ ಜಾಜೊತ್ತೊ ಹೆಸರಿನಲ್ಲಿತ್ತು. ಅದೇ ಸಾಕ್ಷಿ.

ಶರಾವತಿ: ಅಲ್ಬಿನೋನಿಯದೇ ಅಡಾಜಿಯೊ ಬೇಕೆಂದರೆ 1722ರ ಒಂಬತ್ತನೆಯ ಕೃತಿಗುಚ್ಛದಲ್ಲಿ ಎರಡನೆಯದಾದ ಓಬೋ ಕಾನ್ಸರ್ಟೊ (ಓಬೋ ಎಂಬ ಊದುವಾದ್ಯ ಮುಂದಾಳಾಗಿ ವಾದ್ಯವೃಂದದೊಂದಿಗೆ ನುಡಿಸುವ ಕೃತಿ) ಕೇಳಿ. ಓಬೋ ವಾದಕ ಹಾಲಿಗರ್ ಅವರು ‘ಇ ಮ್ಯೂಸಿಚಿ’ ತಂಡದೊಂದಿಗೆ ನುಡಿಸಿದ್ದಾರೆ. ಅದರ ನಡುವಿನ ಭಾಗ ಕೇಳಿ ಮೊದಲ ಬಾರಿ ನಾನು ಕುಳಿತಲ್ಲೇ ಕುಳಿತುಬಿಟ್ಟೆ. ಈ ಜಗಳ ಬಿಟ್ಟು ಅದನ್ನು ಯಾರಾದರೂ ಕೇಳುತ್ತೀರಾ?

ಪಿಟೀಲು ಪ್ರಿಯ: ‘ಜಗಳ’ ಆರಂಭಿಸಿದ್ದು ನಾನಲ್ಲ ಮೇಡಂ. ಜಾಜೊತ್ತೊ ಅವರ ಕಾಗದಗಳಲ್ಲಿ ಡ್ರೆಸ್ಡನ್ ಮುದ್ರೆಯಿರುವ ನಕಲು ಸಿಕ್ಕಿತೆಂದು ಅವರ ಸಹಾಯಕಿ ಹೇಳಿದ್ದಾರೆ. ತಟ್ಟೆಯವರು ಇದಕ್ಕೆ ಉತ್ತರಿಸಲಿ.

ಹಳೆಯ ತಟ್ಟೆ: ‘ನಕಲು’. ನೀವೇ ಹೇಳಿದಿರಿ. ನಕಲು ಮೂಲವಾಗುವುದಿಲ್ಲ.

ಪಿಟೀಲು ಪ್ರಿಯ: 1945ರಲ್ಲಿ ಬಾಂಬು ಬಿದ್ದ ಊರಿನಿಂದ ಮೂಲವನ್ನೇ ತಂದುಕೊಡಿ ಎಂದು ಹಟ ಹಿಡಿಯುವುದು ನ್ಯಾಯವೇ? ನಿಮಗೆ ಸಂಗೀತ ಬೇಕಿಲ್ಲ, ನನ್ನನ್ನು ಸೋಲಿಸಬೇಕು ಅಷ್ಟೇ.

ಹಳೆಯ ತಟ್ಟೆ: ಸುಳ್ಳು ಹೆಸರಿನಲ್ಲಿ ಮಾರಾಟವಾದ ಸಂಗೀತದ ತಟ್ಟೆಗಳ ರಾಶಿಯಡಿ ಅಲ್ಬಿನೋನಿಯ ನಿಜವಾದ ಕೃತಿಗಳು ಹೂತುಹೋಗಿವೆ. ನನ್ನ ಸಿಟ್ಟು ಅದಕ್ಕೆ. ಅವರ ಒಪೆರಾಗಳಲ್ಲಿ ಬಹುಪಾಲು ಕಳೆದೇಹೋಗಿವೆ. ಉಳಿದದ್ದನ್ನು ಕೇಳುವ ಬದಲು ಬರೆಯದ್ದನ್ನೇ ಹೊಗಳುತ್ತಿದ್ದೀರಿ!

ಅರಮನೆ ಬೀದಿ: ಧ್ವನಿಮುದ್ರಣಕ್ಕೆ ಹಣ ಹಾಕುವವರಿಲ್ಲದಿದ್ದರೆ ಯಾವ ಅಪರೂಪದ ಕೃತಿಯೂ ಉಳಿಯುವುದಿಲ್ಲ. ಜಯಚಾಮರಾಜ ಒಡೆಯರು ಹಣ ಕೊಟ್ಟಿದ್ದರಿಂದ ಮೆಟ್ನರ್ ಎಂಬ ರಷ್ಯನ್ ಸಂಯೋಜಕರು ಮುಪ್ಪಿನಲ್ಲಿ ಲಂಡನ್ನಿನಲ್ಲಿ ಕುಳಿತು ತಮ್ಮ ಕೃತಿಗಳನ್ನು ತಾವೇ ನುಡಿಸಿದರು. ಅದು ಇಂದಿಗೂ ಕೇಳಸಿಗುತ್ತದೆ.

ಪಿಟೀಲು ಪ್ರಿಯ: ಅದೇ ನೋಡಿ, ರಾಜರು ಕೊಟ್ಟರೆ ಮಾತ್ರ. ಕೇಳುಗರು ಕೊಳ್ಳುವುದಿಲ್ಲ.

ತುಂಗಾತೀರ: ‘ಕೊಳ್ಳುವುದಿಲ್ಲ’ ಎನ್ನುವುದು ತಪ್ಪು. 1999ರಲ್ಲಿ ಗಾಯಕಿ ಚೆಚಿಲಿಯಾ ಬಾರ್ತೊಲಿ ವಿವಾಲ್ಡಿಯ ಒಪೆರಾ ಹಾಡುಗಳದೇ ಒಂದು ತಟ್ಟೆ ತಂದರು, ಜಗತ್ತೇ ಕೊಂಡಿತು. ನಿಮ್ಮ ಸ್ಟ್ರಾವಿನ್‌ಸ್ಕಿ ಆ ಮಾತು ಹೇಳಿದ ಕಾಲಕ್ಕೆ ಈ ಒಪೆರಾಗಳಲ್ಲಿ ಬಹುಪಾಲು ಹೆಚ್ಚಿನವರ ಕಿವಿಗೆ ಬಿದ್ದಿರಲಿಲ್ಲ.

ಪಿಟೀಲು ಪ್ರಿಯ: ಬಾರ್ತೊಲಿಯ ಕಂಠವನ್ನು ಕೊಂಡರು, ವಿವಾಲ್ಡಿಯನ್ನಲ್ಲ.

ಹಳೆಯ ತಟ್ಟೆ: ಮಾತು ಮರೆಸಬೇಡಿ. ಡ್ರೆಸ್ಡನ್ ತುಣುಕಿನ ಮೂಲ ಎಲ್ಲಿದೆ?

ಶರಾವತಿ: ಓಬೋ ಕಾನ್ಸರ್ಟೊ ಯಾರೂ ಕೇಳಲಿಲ್ಲ, ಅಲ್ಲವೇ?