ಹತ್ತರಿಂದ ಇಪ್ಪತ್ತು ಜನಕ್ಕೆ ಬೆಳೆಯುವಾಗ ಬಟವಾಡೆಯ ಲೆಕ್ಕ: ಅನುಭವ ಹಂಚಿಕೆ

ಕೋರಿಕೆ: ದಾವಣಗೆರೆಯಿಂದ, ಸಿದ್ಧ ಉಡುಪಿನ ಹೊಲಿಗೆ ಘಟಕದ ಒಡತಿ

ಆರು ಹೊಲಿಗೆ ಯಂತ್ರಗಳಿಂದ ಆರಂಭವಾದ ನಮ್ಮ ಘಟಕದಲ್ಲಿ ಈಗ 17 ಮಂದಿ ಇದ್ದಾರೆ. ಹಾಜರಿ ಪುಸ್ತಕ ನೋಡಿ ಪ್ರತಿ ತಿಂಗಳ 10ರಂದು ನಗದಾಗಿ ಬಟವಾಡೆ ಮಾಡುತ್ತಿದ್ದೇನೆ. ದೊಡ್ಡ ಆರ್ಡರ್ ಬಂದಿರುವುದರಿಂದ ಇನ್ನೂ ಐದಾರು ಜನರನ್ನು ಸೇರಿಸಿಕೊಳ್ಳಬೇಕಾಗಿದೆ. ಸಾಫ್ಟ್‌ವೇರ್ ಕೊಳ್ಳುವುದೋ, ಲೆಕ್ಕಿಗರನ್ನು ನೇಮಿಸುವುದೋ, ಯಾವುದನ್ನು ಮೊದಲು ಮಾಡಬೇಕು? ಈ ಹಂತ ದಾಟಿದವರು ದಯವಿಟ್ಟು ತಿಳಿಸಿ.

ಹುಬ್ಬಳ್ಳಿಯಿಂದ, ಬಿಡಿಭಾಗ ತಯಾರಿಸುವ ಕಾರ್ಖಾನೆಯ ಮಾಲೀಕರು

ಸಹೋದರಿ, ನಮಸ್ಕಾರ. ಸಾಫ್ಟ್‌ವೇರ್ ವಿಷಯವನ್ನು ಸದ್ಯಕ್ಕೆ ಬದಿಗಿಟ್ಟು, ನಿಮ್ಮಲ್ಲಿ ನಿಜವಾಗಿ ಎಷ್ಟು ಜನ ದುಡಿಯುತ್ತಿದ್ದಾರೆ ಎಂಬುದನ್ನು ಎಣಿಸಿ. 17 ಎಂದಿದ್ದೀರಿ, ಇಸ್ತ್ರಿಗೆ ಗುತ್ತಿಗೆದಾರರ ಮೂಲಕ ಬರುವವರು, ಕಸ ಗುಡಿಸುವವರು ಅದರಲ್ಲಿ ಸೇರಿದ್ದಾರೆಯೇ? ಕಾರ್ಖಾನೆಯಲ್ಲಿ 10 ಜನರಾದಾಗ ಇ.ಎಸ್.ಐ. (ನೌಕರರ ರಾಜ್ಯ ವಿಮೆ), 20 ಜನರಾದಾಗ ಪಿ.ಎಫ್. (ಭವಿಷ್ಯ ನಿಧಿ) ಅನ್ವಯಿಸುತ್ತದೆ, ಮತ್ತು ಗುತ್ತಿಗೆಯ ಮೂಲಕ ಬಂದವರೂ ಈ ಎಣಿಕೆಗೆ ಒಳಪಡುತ್ತಾರೆ. ನಾನು ಅವರನ್ನು ಬಿಟ್ಟು 18 ಎಂದುಕೊಂಡಿದ್ದೆ. ತಪಾಸಣೆಗೆ ಬಂದ ಅಧಿಕಾರಿ ಹಾಜರಿ ಮತ್ತು ಗುತ್ತಿಗೆದಾರರ ಬಿಲ್ಲುಗಳನ್ನು ಜೋಡಿಸಿ ನೋಡಿ, 14 ತಿಂಗಳ ಹಿಂದೆಯೇ 20 ದಾಟಿತ್ತೆಂದು ತೋರಿಸಿದರು. ಸಂಬಳ ಕೊಡುವಾಗ ಮುರಿಯದೆ ಬಿಟ್ಟ ನೌಕರರ ಪಾಲನ್ನು ಆಮೇಲೆ ಅವರಿಂದ ವಸೂಲು ಮಾಡುವಂತಿಲ್ಲವಾದ್ದರಿಂದ, ಅಷ್ಟೂ ತಿಂಗಳ ಎರಡೂ ಪಾಲನ್ನು, ಬಡ್ಡಿಯೊಂದಿಗೆ, ನಾನೇ ಕಟ್ಟಿದೆ. ಒಮ್ಮೆ ಪಿ.ಎಫ್. ವ್ಯಾಪ್ತಿಗೆ ಬಂದ ಮೇಲೆ ಜನ 20ಕ್ಕಿಂತ ಕಡಿಮೆಯಾದರೂ ಕಟ್ಟುವುದು ತಪ್ಪುವುದಿಲ್ಲ ಎಂಬುದೂ ನೆನಪಿರಲಿ.

ನೀವು ಇ.ಎಸ್.ಐ. ನೋಂದಣಿ ಮಾಡಿಸಿರದಿದ್ದರೆ ಈ ವಾರವೇ ಮಾಡಿಸಿ. ಹೊಸಬರು ಮೂರು ತಿಂಗಳು ನಿಲ್ಲುತ್ತಾರೋ ಇಲ್ಲವೋ ನೋಡಿ ಹೆಸರು ಸೇರಿಸೋಣ ಎಂಬ ರೂಢಿ ನಮ್ಮಲ್ಲಿತ್ತು. ಹಾಗೆ ಕಾಯುತ್ತಿದ್ದಾಗ, ಸೇರಿ ಐದು ವಾರವಾಗಿದ್ದ ಒಬ್ಬ ಯುವಕನ ಎರಡು ಬೆರಳುಗಳು ಪ್ರೆಸ್ ಯಂತ್ರಕ್ಕೆ ಸಿಕ್ಕವು. ಆಸ್ಪತ್ರೆಯ ಖರ್ಚನ್ನು ನಾನು ಭರಿಸಿದೆ ನಿಜ. ಆದರೆ ಅವನು ಮನೆಯಲ್ಲಿದ್ದ ದಿನಗಳ ಭತ್ಯೆ, ಶಾಶ್ವತ ಊನಕ್ಕೆ ಸಿಗಬೇಕಾದ ತಿಂಗಳ ಹಣ ಇವೆಲ್ಲಕ್ಕೂ ಆ ಮನೆಯವರು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಯಿತು. ಕೆಲಸಕ್ಕೆ ಸೇರಿದ 10 ದಿನಗಳೊಳಗೆ ಹೆಸರು ನೋಂದಾಯಿಸಬೇಕೆಂಬ ನಿಯಮವನ್ನು ನಾನು ಪಾಲಿಸಿದ್ದರೆ ಅವನಿಗೆ ಆ ಅಲೆದಾಟ ಇರುತ್ತಿರಲಿಲ್ಲ. ಈ ವಿಷಯ ನನ್ನನ್ನು ಈಗಲೂ ನೋಯಿಸುತ್ತದೆ.

ಇನ್ನು ಹಣದ ಲೆಕ್ಕ. ತಿಂಗಳಿಗೆ 14,000 ರೂಪಾಯಿ ವೇತನವಿರುವ ಒಬ್ಬರನ್ನು ತೆಗೆದುಕೊಳ್ಳಿ. ಅವರಿಂದ ಪಿ.ಎಫ್.ಗೆ ಶೇ. 12ರಂತೆ 1,680, ಇ.ಎಸ್.ಐ.ಗೆ ಶೇ. 0.75ರಂತೆ 105 ಮುರಿಯಬೇಕು. ನಿಮ್ಮ ಕಡೆಯಿಂದ ಪಿ.ಎಫ್. 1,680, ಅದರ ವಿಮೆ ಮತ್ತು ಆಡಳಿತ ಶುಲ್ಕ ತಲಾ ಶೇ. 0.5ರಂತೆ 140, ಇ.ಎಸ್.ಐ. ಶೇ. 3.25ರಂತೆ 455, ಒಟ್ಟು 2,275. ಅಂದರೆ 14,000ದ ಕೆಲಸಕ್ಕೆ ನಿಮಗೆ ತಗಲುವುದು 16,275. ಇಂಥ 20 ಜನರಿದ್ದರೆ, ಎರಡೂ ಪಾಲು ಸೇರಿ ಪ್ರತಿ ತಿಂಗಳ 15ರೊಳಗೆ 81,200 ರೂಪಾಯಿ ಕಟ್ಟಬೇಕಾಗುತ್ತದೆ. ಹೊಸ ಆರ್ಡರಿಗೆ ದರ ಹೇಳುವ ಮೊದಲು ಈ ಮೊತ್ತವನ್ನು ಲೆಕ್ಕಕ್ಕೆ ಹಿಡಿಯಿರಿ.

ಒಮ್ಮೆ ಗಿರಾಕಿಯಿಂದ ಬರಬೇಕಾದ ಹಣ ತಡವಾದಾಗ, ಮುರಿದಿಟ್ಟ ಪಿ.ಎಫ್. ಹಣದಿಂದ ಕಬ್ಬಿಣ ತರಿಸಿ, ಮೂರು ತಿಂಗಳು ಕಟ್ಟದೆ ಉಳಿಸಿಕೊಂಡಿದ್ದೆ. ವರ್ಷಕ್ಕೆ ಶೇ. 12ರ ಬಡ್ಡಿ ಮತ್ತು ಅದರ ಮೇಲೆ ದಂಡ ಬಿತ್ತು. ಕಾರ್ಮಿಕರ ಸಂಬಳದಿಂದ ಮುರಿದ ಹಣ ನಮ್ಮ ಪೆಟ್ಟಿಗೆಯಲ್ಲಿದ್ದರೂ ನಮ್ಮದಲ್ಲ. ಅಂದಿನಿಂದ ಬಟವಾಡೆಯ ದಿನವೇ ಆ ಮೊತ್ತವನ್ನು ಬೇರೆ ಬ್ಯಾಂಕ್ ಖಾತೆಗೆ ವರ್ಗಾಯಿಸುತ್ತೇನೆ. ಆ ಖಾತೆಯಿಂದ ಚಲನ್ ಹೊರತು ಬೇರೆ ಯಾವುದಕ್ಕೂ ಹಣ ತೆಗೆಯುವುದಿಲ್ಲ. ನೀವು ಯಾವುದನ್ನು ಮೊದಲು ಎಂದು ಕೇಳಿದ್ದಕ್ಕೆ ನನ್ನ ಉತ್ತರ ಈ ಖಾತೆ.

ತುಮಕೂರಿನಿಂದ, ಹಲವು ಸಣ್ಣ ಸಂಸ್ಥೆಗಳ ಸಂಬಳದ ಲೆಕ್ಕ ಬರೆಯುವವರು

ಹುಬ್ಬಳ್ಳಿಯ ಹಿರಿಯರು ಹೇಳಿದ ಬಡ್ಡಿ, ದಂಡಕ್ಕಿಂತ ದೊಡ್ಡ ನಷ್ಟವನ್ನು ನಮ್ಮ ಒಂದು ಕಕ್ಷಿದಾರ ಸಂಸ್ಥೆ ಅನುಭವಿಸಿತು. ನೌಕರರ ಪಾಲನ್ನು ಗಡುವು ಮೀರಿ ಕಟ್ಟಿದರೆ ಅದು ಆದಾಯ ತೆರಿಗೆಯಲ್ಲಿ ಖರ್ಚೆಂದು ಸಲ್ಲುವುದಿಲ್ಲವೆಂದು 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿತು. ಆ ವರ್ಷದ ಲೆಕ್ಕದಲ್ಲಿ ಕೆಲವೇ ದಿನ ತಡವಾಗಿದ್ದ ಮೊತ್ತಕ್ಕೂ ಅವರು ತೆರಿಗೆ ಕಟ್ಟಬೇಕಾಯಿತು.

ಮೂಲವೇತನವನ್ನು ಕಡಿಮೆ ತೋರಿಸಿ ಭತ್ಯೆಗಳನ್ನು ಹೆಚ್ಚಿಸಿದರೆ ಪಿ.ಎಫ್. ಉಳಿಯುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಎಲ್ಲರಿಗೂ ಏಕರೂಪವಾಗಿ ಕೊಡುವ ಭತ್ಯೆಗೂ ಪಿ.ಎಫ್. ಕಟ್ಟಬೇಕೆಂದು 2019ರಲ್ಲೇ ತೀರ್ಪಾಗಿದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ, ವೇತನದ ಲೆಕ್ಕದಿಂದ ಹೊರಗಿಡುವ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಮೀರಿದ ಭಾಗವೂ ವೇತನವೇ ಆಗುತ್ತದೆ. ಬಟವಾಡೆಯನ್ನು 10ರಿಂದ 7ನೇ ತಾರೀಖಿನೊಳಗೆ ತನ್ನಿ. ಕೆಲಸ ಬಿಟ್ಟವರ ಬಾಕಿಯನ್ನು ಎರಡು ಕೆಲಸದ ದಿನಗಳಲ್ಲಿ ತೀರಿಸಬೇಕು.

ಆರ್ಡರ್ ಒತ್ತಡದಲ್ಲಿ ಒ.ಟಿ. (ಹೆಚ್ಚುವರಿ ಗಂಟೆಗಳ ಕೆಲಸ) ಹೆಚ್ಚಾಗುವುದರಿಂದ ಇನ್ನೊಂದು ಮಾತು: ತಿಂಗಳ ವೇತನಕ್ಕಿರುವ 21,000ದ ಇ.ಎಸ್.ಐ. ಮಿತಿಯೊಳಗೆ ಯಾರಿದ್ದಾರೆಂದು ನೋಡುವಾಗ ಒ.ಟಿ. ಹಣ ಸೇರಿಸಬಾರದು. ವೇತನ ನಡುವೆ 21,000 ದಾಟಿದರೂ ಆ ಅರ್ಧವರ್ಷ, ಅಂದರೆ ಸೆಪ್ಟೆಂಬರ್ ಅಥವಾ ಮಾರ್ಚ್ ಮುಗಿಯುವವರೆಗೆ, ವಂತಿಗೆ ಮುಂದುವರಿಯುತ್ತದೆ. ಕರ್ನಾಟಕದ ವೃತ್ತಿ ತೆರಿಗೆ 25,000 ಮತ್ತು ಅದಕ್ಕಿಂತ ಹೆಚ್ಚು ಸಂಬಳದವರಿಗೆ ಮಾತ್ರ. ಹೊಲಿಗೆಯವರಿಗೆ ಬಹುಶಃ ಬರುವುದಿಲ್ಲ, ಮೇಲ್ವಿಚಾರಕರಿಗೆ ಬರಬಹುದು.

ಸೇರಿಸಿಕೊಳ್ಳುವ ದಿನವೇ ಆಧಾರ್‌ನಲ್ಲಿರುವಂತೆ ಹೆಸರು, ಹುಟ್ಟಿದ ದಿನಾಂಕ ಬರೆದುಕೊಳ್ಳಿ. ಮದುವೆಯ ಮೊದಲಿನ ಹೆಸರು ಒಂದೆಡೆ, ಗಂಡನ ಹೆಸರು ಸೇರಿದ್ದು ಇನ್ನೊಂದೆಡೆ ಇದ್ದು, ಮಗಳ ಮದುವೆಗೆಂದು ಪಿ.ಎಫ್. ಹಣ ತೆಗೆಯಲು ಹೋಗಿ ಬರಿಗೈಯಲ್ಲಿ ಮರಳಿದ ಮಹಿಳೆಯರನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಶಿವಮೊಗ್ಗದಿಂದ, ಬೇಕರಿಯವರು

ಮುಂಗಡದ ಬಗ್ಗೆ ಮಾತ್ರ ಹೇಳುತ್ತೇನೆ. ಹಬ್ಬಕ್ಕೆ, ಶಾಲೆಯ ಶುಲ್ಕಕ್ಕೆ ಕೇಳಿದಾಗ ಕೊಡದಿರಲಾಗದು. ಆದರೆ ಬಾಯಿಮಾತಿನಲ್ಲಿ ಕೊಟ್ಟಿದ್ದರಿಂದ ನಮ್ಮಲ್ಲಿ ಹಳೆಯ ಒಲೆಗಾರರೊಬ್ಬರೊಂದಿಗೆ ಮನಸ್ತಾಪವಾಯಿತು. ಈಗ ಕೊಟ್ಟ ದಿನ, ಮೊತ್ತ, ಎಷ್ಟು ಕಂತು ಎಂಬುದನ್ನು ಇಬ್ಬರ ಸಹಿಯೊಂದಿಗೆ ಬರೆದಿಟ್ಟು, ಎಲ್ಲ ಕಡಿತಗಳೂ ಸೇರಿ ಸಂಬಳದ ಅರ್ಧ ಮೀರದಂತೆ ಮುರಿಯುತ್ತೇವೆ. ಸಂಬಳವನ್ನು ಖಾತೆಗೆ ಹಾಕಿ, ಸಂಬಳ ಚೀಟಿಯನ್ನು ಕನ್ನಡದಲ್ಲೇ ಮುದ್ರಿಸಿ ಕೊಡುತ್ತೇವೆ: ಹಾಜರಿ ದಿನ, ಒ.ಟಿ. ಗಂಟೆ, ಪಿ.ಎಫ್., ಇ.ಎಸ್.ಐ., ಮುಂಗಡದ ಬಾಕಿ. ಚೀಟಿ ಕೊಟ್ಟ ಮೊದಲ ತಿಂಗಳೇ ಇಬ್ಬರು ಬಂದು ತಮ್ಮ ಹಾಜರಿಯಲ್ಲಿ ಒಂದೊಂದು ದಿನ ಬಿಟ್ಟುಹೋಗಿರುವುದನ್ನು ತೋರಿಸಿದರು. ಇಬ್ಬರದೂ ಸರಿಯಾಗಿತ್ತು, ಅಂದೇ ಕೊಟ್ಟೆವು.