ಒನಕೆ ಹಿಡಿದ ಕೈ

ಅಳಿಯ, ನಿನ್ನ ಸಂದೇಶವನ್ನು ಬೆಳಿಗ್ಗೆಯೇ ನೋಡಿದೆ. ಮೈಕೆಲ್ ಜಾಕ್ಸನ್ನನ ‘ಥ್ರಿಲ್ಲರ್’ ವಿಡಿಯೊ ಕಳುಹಿಸಿ, “ಕಲೆ ಎಂದರೆ ಇದು. ನಮ್ಮವರ ಹಾಡೆಂದರೆ ಮರ ಸುತ್ತುವುದು, ಚರಣಕ್ಕೊಂದು ಸೀರೆ ಬದಲಾಯಿಸುವುದು, ಅಷ್ಟೇ” ಎಂದು ಬರೆದಿದ್ದೀಯ. ಎಲ್ಲರೂ ತಮ್ಮ ಮೆಚ್ಚಿನ ಸಿನಿಮಾ, ಮೆಚ್ಚಿನ ಹಾಡಿನ ವಿಡಿಯೊ ಯಾವುದೆಂದು ಹೇಳಿ ಎಂದೂ ಕೇಳಿದ್ದೀಯ. ಅಕ್ಕ ಒಂದು ನಗುವ ಮುಖ ಹಾಕಿ ಜಾರಿಕೊಂಡಳು. ಭಾವ ಅದನ್ನೂ ಹಾಕಲಿಲ್ಲ. ನನಗೆ ಆ ಸಣ್ಣ ಅಕ್ಷರಗಳ ಮೇಲೆ ಬೆರಳು ನಿಲ್ಲುವುದಿಲ್ಲ, ಬಾಯಲ್ಲಿಯೇ ಹೇಳುತ್ತೇನೆ. ಉದ್ದವಾಗುತ್ತದೆ. ಒಲೆಯ ಮೇಲೆ ಹಾಲಿದೆ, ನಡುವೆ ಎದ್ದು ಹೋದರೆ ಬೇಸರಿಸಬೇಡ.

ಥ್ರಿಲ್ಲರ್ ಬಗ್ಗೆ ನನಗೆ ತಕರಾರಿಲ್ಲ. 1983ರ ಡಿಸೆಂಬರಿನಲ್ಲಿ ಬಂದದ್ದು, ಸುಮಾರು 14 ನಿಮಿಷ, ಮಾಡಿದವರು ಜಾನ್ ಲ್ಯಾಂಡಿಸ್ ಎಂಬ ಸಿನಿಮಾ ನಿರ್ದೇಶಕರೇ. 2009ರಲ್ಲಿ ಅಮೆರಿಕದವರು ಅದನ್ನು ತಮ್ಮ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿಸಿದರು. ಆ ಪಟ್ಟಿಗೆ ಸೇರಿದ ಮೊದಲ ಹಾಡಿನ ವಿಡಿಯೊ ಅದು. ಒಪ್ಪಿದೆ. ಆದರೆ ನೀನು ಚಿತ್ರದುರ್ಗದ ಮೊಮ್ಮಗ. ಮರ ಸುತ್ತುವ ಮಾತನ್ನು ಬೇರೆ ಯಾರಾದರೂ ಆಡಿದ್ದರೆ ಸುಮ್ಮನಿರುತ್ತಿದ್ದೆ.

ನಮ್ಮ ದುರ್ಗದಲ್ಲಿಯೇ ನಡೆಯುವ ‘ನಾಗರಹಾವು’ ಚಿತ್ರ ತೆರೆ ಕಂಡದ್ದು 1972ರ ಡಿಸೆಂಬರ್ ಕೊನೆಗೆ, ನಿನ್ನ ಥ್ರಿಲ್ಲರಿಗಿಂತ 11 ವರ್ಷ ಮೊದಲು. ನಾಯಕ ರಾಮಾಚಾರಿಯ ಸಿಟ್ಟು, ಅವನ ಪ್ರೀತಿ ಎಂದು ಕಥೆ ತನ್ನ ಪಾಡಿಗೆ ಸಾಗುತ್ತಿರುವಾಗ ನಿರ್ದೇಶಕ ಪುಟ್ಟಣ್ಣ ಕಣಗಾಲ್ ಅದನ್ನು ತಡೆದು ನಿಲ್ಲಿಸಿ ನಮ್ಮನ್ನು ಇನ್ನೂರು ವರ್ಷ ಹಿಂದಕ್ಕೆ ಕರೆದೊಯ್ಯುತ್ತಾರೆ. ಓಬವ್ವನ ಹಾಡು. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳುತ್ತಾರೆ, ಕಾವಲಿನ ಗಂಡ ಊಟಕ್ಕೆ ಕುಳಿತಿದ್ದಾನೆ, ನೀರಿಗೆ ಹೋದವಳು ಒನಕೆ ಹಿಡಿದು ನಿಲ್ಲುತ್ತಾಳೆ. ಇಡೀ ಚಿತ್ರದಲ್ಲಿ ಜಯಂತಿ ಬರುವುದು ಆ ಹಾಡಿಗೆ ಮಾತ್ರ. ಅದಷ್ಟನ್ನೇ ಚಿತ್ರದಿಂದ ಕತ್ತರಿಸಿ ಬೇರೆ ಇಟ್ಟರೂ ಯಾರೂ ಏನನ್ನೂ ವಿವರಿಸಬೇಕಾಗಿಲ್ಲ. ಇದಕ್ಕಿಂತ ಬೇರೆ ಮ್ಯೂಸಿಕ್ ವಿಡಿಯೊ ಯಾವುದಪ್ಪ?

ಈಗ ಒಂದು ಸೂಕ್ಷ್ಮ ಹೇಳುತ್ತೇನೆ, ಗಮನಿಸು. ಆ ಹಾಡಿನಲ್ಲಿ ಜಯಂತಿ ಹಾಡುವುದಿಲ್ಲ. ಪಿ. ಬಿ. ಶ್ರೀನಿವಾಸ್ ಅವರ ಗಂಡುದನಿ ಹೊರಗಿನಿಂದ ಕಥೆ ಹೇಳುತ್ತದೆ, ಲಾವಣಿಯವರು ಡಪ್ಪು ಹಿಡಿದು ನಿಂತು ಹೇಳಿದ ಹಾಗೆ. ಅವಳ ಕೆಲಸ ಹಾಡುವುದಲ್ಲ, ಹೊಡೆಯುವುದು. ನಾಯಕಿಯ ತುಟಿಗೆ ಹಾಡು ಅಂಟಿಸುವುದೇ ರೂಢಿಯಾಗಿದ್ದ ಕಾಲದಲ್ಲಿ ಪುಟ್ಟಣ್ಣ ಅವಳ ಬಾಯಿಂದ ಹಾಡನ್ನು ಕಿತ್ತುಕೊಂಡು ಕೈಗೆ ಒನಕೆ ಕೊಟ್ಟರು. ದನಿ ಒಂದು ಕೆಲಸ ಮಾಡುತ್ತದೆ, ಚಿತ್ರ ಇನ್ನೊಂದು. ಎರಡೂ ಒಂದೇ ಮಾತನ್ನು ಹೇಳಿದರೆ ಒಂದು ದಂಡ. ಕಣ್ಣು ಮುಚ್ಚಿ ಕೇಳಿದರೂ ಸಾಕು ಎನ್ನಿಸುವ ಹಾಡಿಗೆ ವಿಡಿಯೊ ಯಾಕೆ ಬೇಕು?

ಇದನ್ನು ನನಗೆ ಕಾಣಿಸಿದವಳು ನಿನ್ನ ಅಜ್ಜಿ. ಪತ್ರಿಕೆಯ ವಿಮರ್ಶೆ ಓದಿದವಳಲ್ಲ. ಚಿತ್ರ ನೋಡಿ ಬಂದ ದಿನ ಅವಳು ಎತ್ತಿದ್ದು ಒಂದೇ ಆಕ್ಷೇಪ: “ಒನಕೆಯನ್ನು ಹಾಗೆ ಹಿಡಿಯುವುದಿಲ್ಲ.” ಭತ್ತ ಕುಟ್ಟುವವಳು ಒನಕೆಯನ್ನು ನೆಟ್ಟಗೆ ಎತ್ತಿ ಬಿಡುತ್ತಾಳೆ, ಅದರ ಭಾರವೇ ಕೆಲಸ ಮಾಡುತ್ತದೆ, ಹಾಗೆ ಬೀಸಿದರೆ ತೋಳು ಉಳಿಯುವುದಿಲ್ಲ ಎಂದು ಅಡುಗೆಮನೆಯಲ್ಲಿ ಮಾಡಿಯೂ ತೋರಿಸಿದಳು. ತೋರಿಸುತ್ತಾ ತೋರಿಸುತ್ತಾ ಅರ್ಧದಲ್ಲಿ ನಿಂತಳು. ಸ್ವಲ್ಪ ಹೊತ್ತು ಒನಕೆಯನ್ನೇ ನೋಡಿ, “ಅವಳು ಕುಟ್ಟುತ್ತಿರಲಿಲ್ಲವಲ್ಲ” ಎಂದು ಅದನ್ನು ಮೂಲೆಗೆ ಒರಗಿಸಿದಳು. ಆಗ ನಾನು ಚಿಕ್ಕವನು, ನಗು ಬಂದಿತ್ತು.

ಹಾಲು ಉಕ್ಕಿತು, ಒಂದು ನಿಮಿಷ.

ಹಾಂ. ಅದೇ ಚಿತ್ರದ ‘ಬಾರೇ ಬಾರೇ’ ಹಾಡನ್ನು ಇವತ್ತು ರಾತ್ರಿ ಮತ್ತೊಮ್ಮೆ ನೋಡು. ವಿಷ್ಣುವರ್ಧನ್, ಆರತಿ, ನಿಧಾನಗತಿಯಲ್ಲಿ. ಈಗ ಮದುವೆಯ ವಿಡಿಯೊದವನೂ ಮೊಬೈಲಿನಲ್ಲಿ ಒಂದು ಗುಂಡಿ ಒತ್ತಿ ಅದನ್ನು ಮಾಡುತ್ತಾನೆ. ಆಗ ರೀಲು. ಸೆಕೆಂಡಿಗೆ 24 ಚೌಕಟ್ಟು ಓಡಬೇಕಾದ ಕ್ಯಾಮೆರಾವನ್ನು ಅದಕ್ಕಿಂತ ಜೋರಾಗಿ ಓಡಿಸಿ, ತೋರಿಸುವಾಗ 24ರಲ್ಲಿಯೇ ತೋರಿಸಬೇಕು. ಎರಡು ಪಟ್ಟು ವೇಗವೆಂದರೆ ಎರಡು ಪಟ್ಟು ಫಿಲ್ಮ್ ಖರ್ಚು. ಪ್ರಯೋಗಾಲಯದಲ್ಲಿ ತೊಳೆದು ಬರುವ ತನಕ ಏನು ಸಿಕ್ಕಿದೆಯೋ ಕಾಣುವುದಿಲ್ಲ. ಅಷ್ಟು ಖರ್ಚು ಮಾಡಿ ಸಿಕ್ಕಿದ್ದೇನು? ನನ್ನ ಲೆಕ್ಕದಲ್ಲಿ, ಕೋಟೆಯ ಹತ್ತಿರ ಬೇರೆ ಯಾವ ವೇಗವೂ ಸರಿಹೋಗುತ್ತಿರಲಿಲ್ಲ. ಆ ಬಂಡೆಗಳಿಗೆ ಅವಸರವೆಂಬುದಿಲ್ಲ. ಅವುಗಳ ಮುಂದೆ ಓಡುವ ಮನುಷ್ಯರು ಇರುವೆಗಳ ಹಾಗೆ ಕಾಣುತ್ತಾರೆ. ನಿಧಾನ ಮಾಡಿದ್ದರಿಂದ ಆ ಹುಡುಗ ಹುಡುಗಿಗೂ ಬಂಡೆಯ ಗಾಂಭೀರ್ಯ ಬಂತು. (ತರಾಸು ಅವರ ಮೂರು ಕಾದಂಬರಿಗಳನ್ನು ಸೇರಿಸಿ ಮಾಡಿದ ಚಿತ್ರ ಅದು. ಅವರಿಗೆ ಹಿಡಿಸಲಿಲ್ಲ, ನಾಗರಹಾವು ಕೆರೆಹಾವಾಯಿತು ಎಂದರು ಎಂಬ ಮಾತು ಇನ್ನೂ ಓಡಾಡುತ್ತದೆ. ಕಾದಂಬರಿಕಾರರ ಸಿಟ್ಟು ನ್ಯಾಯವೇ ಇರಬಹುದು, ನನಗೆ ಹಾಡುಗಳು ಬೇಕು.)

ಭಾವ ಹಿಂದೊಮ್ಮೆ, ಹಾಡಿನ ವಿಡಿಯೊ ಎಂದರೆ ಕ್ಯಾಸೆಟ್ ಮಾರುವ ಜಾಹೀರಾತು ಎಂದಿದ್ದರು. ಜಾಹೀರಾತೇ, ಇಲ್ಲ ಎಂದವರು ಯಾರು? ನಾರ್ವೆಯ ಆ-ಹಾ ತಂಡದ ‘ಟೇಕ್ ಆನ್ ಮಿ’ 1984ರಲ್ಲಿ ಬೇರೊಂದು ವಿಡಿಯೊದೊಂದಿಗೆ ಬಂದು ಸೋತಿತ್ತು. ಹಾಡನ್ನು ಮತ್ತೆ ಧ್ವನಿಮುದ್ರಿಸಿ, ಸ್ಟೀವ್ ಬ್ಯಾರನ್ ಕೈಯಲ್ಲಿ ಹೊಸ ವಿಡಿಯೊ ಮಾಡಿಸಿದರು. ಚಿತ್ರೀಕರಿಸಿದ್ದನ್ನು ಚೌಕಟ್ಟು ಚೌಕಟ್ಟಾಗಿ ಪೆನ್ಸಿಲಿನಲ್ಲಿ ತಿದ್ದಿ ಬರೆದದ್ದು, 3,000ಕ್ಕೂ ಹೆಚ್ಚು ಚಿತ್ರಗಳು, 16 ವಾರ. 1985ರಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಏರಿತು. ಮಾರಾಟಕ್ಕೆಂದೇ ಮಾಡಿದ್ದು, ಭಾವ. ಆದರೆ ಕಾಗದದೊಳಗಿನಿಂದ ಆ ಪೆನ್ಸಿಲ್ ಕೈ ಹುಡುಗಿಯತ್ತ ಚಾಚುವಾಗ ಯಾವ ಕ್ಯಾಸೆಟ್ಟಿನ ನೆನಪೂ ಬರುವುದಿಲ್ಲ.

ಮೆಚ್ಚಿನ ಸಿನಿಮಾ ಬೇರೆ ಕೇಳಿದ್ದೀಯ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’, 1977, ಕಪ್ಪುಬಿಳುಪು. ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಪಡೆದ ಚಿತ್ರ. ಹಳೆಯ ಪ್ರತಿಯನ್ನು ಜೀರ್ಣೋದ್ಧಾರ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಕೊನೆಯಲ್ಲಿ ಬಹಿಷ್ಕಾರಕ್ಕೊಳಗಾದ ವಿಧವೆ ಯಮುನಕ್ಕ ತಲೆ ಬೋಳಿಸಿಕೊಂಡು ಮರದ ಕೆಳಗೆ ಕುಳಿತಿದ್ದಾಳೆ, ಅವಳನ್ನು ಹಚ್ಚಿಕೊಂಡಿದ್ದ ಪುಟ್ಟ ನಾಣಿ ಊರು ಬಿಟ್ಟು ಹೋಗುತ್ತಾನೆ. ಹಾಡಿಲ್ಲ, ಸಂತೈಸುವ ಮಾತಿಲ್ಲ. ನೀನು ಆಡಿಕೊಂಡ ಮರ ಇಲ್ಲಿಯೂ ಇದೆ ನೋಡು. ಯಾರೂ ಅದನ್ನು ಸುತ್ತುವುದಿಲ್ಲ, ಅಷ್ಟೇ. ಅದರ ಬಗ್ಗೆ ಹೆಚ್ಚು ಮಾತನಾಡಲು ನನಗೆ ಆಗುವುದಿಲ್ಲ. ಒಬ್ಬನೇ ಕುಳಿತು ನೋಡು, ಮೊಬೈಲಿನಲ್ಲಿ ಬೇಡ.

ರಜೆಗೆ ಬಂದಾಗ ಕೋಟೆಗೆ ಹೋಗೋಣ. ತಣ್ಣೀರು ದೋಣಿಯ ಹತ್ತಿರದ ಆ ಕಿಂಡಿಯಲ್ಲಿ ನೀನು ನುಸುಳಿ ತೋರಿಸಬೇಕು. ನನ್ನ ಹೊಟ್ಟೆಗೆ ಈಗ ಅದು ಸಾಲದು, ನಾನು ಈಚೆ ನಿಂತಿರುತ್ತೇನೆ. ಅಜ್ಜಿಯ ಒನಕೆ ಇನ್ನೂ ಅಟ್ಟದ ಮೇಲಿದೆ, ಬೇಕಾದರೆ ತರುತ್ತೇನೆ.