ವಕೀಲರಿಲ್ಲದ ಕಕ್ಷಿದಾರರ ಮಾತಿಗೆ ನ್ಯಾಯಾಲಯದಲ್ಲಿ ಬೆಲೆ ಇದೆಯೇ?

ಪ್ರಶ್ನೆ (ರೋಣ, ಗದಗ ಜಿಲ್ಲೆ):
ಹೊಲದ ಪಾಲಿನ ದಾವೆಯಲ್ಲಿ ನಾನು ಪ್ರತಿವಾದಿ. ವಕೀಲರ ಫೀ ಭರಿಸಲಾಗದೆ ಸ್ವತಃ ಹಾಜರಾಗುತ್ತಿದ್ದೇನೆ. ಹೆಸರು ಕೂಗಿದಾಗ ಎದ್ದು ನಿಂತರೆ “ವಕೀಲರೆಲ್ಲಿ?” ಎಂಬ ಪ್ರಶ್ನೆಯೇ ಮೊದಲು ಬರುತ್ತದೆ, ನನ್ನ ಮಾತು ಮುಗಿಯುವಷ್ಟರಲ್ಲಿ ಮುಂದಿನ ತಾರೀಖು ಕೊಟ್ಟಿರುತ್ತಾರೆ. ಹೀಗೆ ವಾದಿಸುವ ಹಕ್ಕು ನಮಗೆ ನಿಜವಾಗಿಯೂ ಇದೆಯೇ?

ಉತ್ತರ (ಧಾರವಾಡ):
ಖಂಡಿತ ಇದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 3ನೇ ಆದೇಶದ 1ನೇ ನಿಯಮವೇ ಪಕ್ಷಕಾರರು ಖುದ್ದಾಗಿ ಹಾಜರಾಗಲು ಅವಕಾಶ ನೀಡುತ್ತದೆ. ಆದರೆ ವಕೀಲರಿಲ್ಲವೆಂದು ಗಡುವು ಸಡಿಲವಾಗುವುದಿಲ್ಲ: ಸಮನ್ಸ್ ತಲುಪಿದ 30 ದಿನಗಳೊಳಗೆ ಕೈಫಿಯತ್ತು (ದಾವೆಗೆ ಪ್ರತಿವಾದಿಯ ಲಿಖಿತ ಉತ್ತರ) ಸಲ್ಲಿಸಬೇಕು, ತಕ್ಕ ಕಾರಣವಿದ್ದರೆ ನ್ಯಾಯಾಲಯವು ಅದನ್ನು ಒಟ್ಟು 90 ದಿನಗಳವರೆಗೆ ವಿಸ್ತರಿಸಬಹುದು. ಎಲ್ಲಕ್ಕಿಂತ ಕಠಿಣವಾದ ಘಟ್ಟ ಪಾಟೀಸವಾಲು. ಸಾಕ್ಷಿಗೆ ಪ್ರಶ್ನೆ ಕೇಳಬೇಕಾದ ಹೊತ್ತಿನಲ್ಲಿ ಅನೇಕರು ತಮ್ಮ ಸಂಕಟವನ್ನೇ ಹೇಳತೊಡಗುತ್ತಾರೆ, ನ್ಯಾಯಾಧೀಶರು ತಡೆದಾಗ ಅದನ್ನು ಅವಮಾನವೆಂದು ತಿಳಿದು ಎದೆಗುಂದುತ್ತಾರೆ. ಹೊಲದ ಉತಾರವನ್ನು (ಪಹಣಿಯನ್ನು) ಮುಂದಿಟ್ಟುಕೊಂಡು, ಒಂದು ಪ್ರಶ್ನೆಗೆ ಒಂದೇ ಸಂಗತಿ ಬರುವಂತೆ ಮನೆಯಲ್ಲೇ ಬರೆದುಕೊಂಡು ಹೋಗಿರಿ.

ಉತ್ತರ (ಹಾವೇರಿ):
ಬಡತನವನ್ನು ಮೊಂಡುತನವೆಂದು ಎಣಿಸುವ ರೂಢಿ ನಮ್ಮಲ್ಲಿರುವುದು ನಿಜ, ಅದು ಅನ್ಯಾಯ. ಆದರೂ ಕಾನೂನು ಸೇವೆಗಳ ಪ್ರಾಧಿಕಾರಗಳ 1987ರ ಕಾಯ್ದೆಯ 12ನೇ ಕಲಮನ್ನು ಒಮ್ಮೆ ನೋಡಿರಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆಯೂ, ಉಳಿದವರಿಗೆ ನಿಗದಿತ ಮಿತಿಯೊಳಗೂ ಉಚಿತವಾಗಿ ವಕೀಲರು ಸಿಗುತ್ತಾರೆ. ತಾಲೂಕು ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಕೊಡಿ, ಸಹಾಯವಾಣಿ 15100.

ಉತ್ತರ (ಹುಬ್ಬಳ್ಳಿ):
ಪ್ರತಿ ತಾರೀಖಿನ ಆದೇಶದ ದೃಢೀಕೃತ ನಕಲು ಪಡೆದಿಡಿ. ಮುಂದೆ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗಬೇಕಾದರೆ ಅಲ್ಲಿನ ಕಲಾಪ ಇಂಗ್ಲಿಷಿನಲ್ಲಿ ನಡೆಯುವುದರಿಂದ, ಕನ್ನಡ ದಾಖಲೆಗಳ ಅನುವಾದಕ್ಕೂ ಸಮಯ ಬೇಕಾಗುತ್ತದೆ.